ಎರಡನೇ ಸಲದ ಅನ್ನ

ಎರಡೂವರೆ ಕೆಜಿ ಎಂದು ಅಶ್ವತ್ಥಮ್ಮ ಮೊದಲ ಸಲ ಹೇಳಿದ್ದು ಶಿಡ್ಲಘಟ್ಟದಿಂದ ಬರುವ ಬಸ್ಸಿನಲ್ಲಿ. ಪಕ್ಕದ ಸೀಟಿನ ಗುರುತಿನ ಹೆಂಗಸು, ಮೊಮ್ಮಗಳು ಎಷ್ಟು ತೂಕ ಹುಟ್ಟಿದಳು ಎಂದು ಕೇಳಿದ್ದಳು, ಅಷ್ಟೇ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು. ಮಾರನೆಯ ದಿನ ಹಾಲಿನ ಡೈರಿಯ ಮುಂದೆ ಅದೇ ಮಾತು, ಅದರ ಮಾರನೆಯ ದಿನ ಅಂಗನವಾಡಿಯ ಬಾಗಿಲಲ್ಲಿ ಅದೇ ಮಾತು. ಇಪ್ಪತ್ತೆರಡು ದಿನ ತುಂಬುವ ಹೊತ್ತಿಗೆ ಊರಿನ ಪಾಲಿಗೆ ಆ ಕೂಸು ಎರಡೂವರೆ ಕೆಜಿಯದೇ ಆಗಿಹೋಗಿತ್ತು. ಹುಟ್ಟಿದ್ದು ಒಂದು ಕೆಜಿ ಒಂಬೈನೂರು ಗ್ರಾಂ. ದಿನ ತುಂಬಿಯೇ ಹುಟ್ಟಿದ್ದರಿಂದ, ಮೊದಲೇ ಹೆರಿಗೆ ಆಯಿತು ಎಂದು ಹೇಳಿಕೊಳ್ಳುವುದಕ್ಕೂ ದಾರಿಯಿರಲಿಲ್ಲ. ಕಾಲು ಶತಮಾನ ಅಂಗನವಾಡಿಯ ತಕ್ಕಡಿಯ ಮುಂದೆ ಕೂತು ಊರಿನ ಮಕ್ಕಳನ್ನೆಲ್ಲ ತೂಗಿದವಳು, ನೂರು ಗ್ರಾಂ ಕಡಿಮೆಯಾದರೂ ತಾಯಂದಿರ ಮೇಲೆ ಹರಿಹಾಯ್ದವಳು, ತನ್ನ ಮನೆಯ ಕೂಸಿಗೆ ಮಾತ್ರ ಆರುನೂರು ಗ್ರಾಂ ಬಾಯಲ್ಲೇ ಕೂಡಿಸಿದ್ದಳು. ಹೇಳುವುದೇ ಆದರೆ ಮೂರು ಕೆಜಿ ಅನ್ನಬಾರದಿತ್ತೇ? ಎರಡೂವರೆ ಎಂದರೆ ಇಲಾಖೆಯ ಪುಸ್ತಕದಲ್ಲಿರುವ ಗೆರೆ, ಅದರ ಕೆಳಗಿದ್ದರೆ ಕಮ್ಮಿ ತೂಕದ ಮಗು. ಸುಳ್ಳನ್ನೂ ಇಲಾಖೆಗೆ ಒಪ್ಪುವ ಹಾಗೆ ಹೇಳಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ನಗು ಬಂತು. ಆ ನಗುವೂ ಪೂರ್ತಿ ಬರಲಿಲ್ಲ.

ಆ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಮಗಳು ರಾಧಾಮಣಿ ಒಳಕೋಣೆಯ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಕೂಸು ಅವಳ ಬರಿಯ ಎದೆಯ ಮೇಲೆ ಬೋರಲಾಗಿ ಅಂಟಿಕೊಂಡಿತ್ತು, ಇಬ್ಬರನ್ನೂ ಸೇರಿಸಿ ಒಂದು ಹಳೆಯ ಕಾಟನ್ ಸೀರೆ ಸುತ್ತಿ ಕಟ್ಟಿದ್ದರು. ತೂಕ ಏರುವ ತನಕ ಹೀಗೇ ಕಟ್ಟಿಕೊಂಡಿರಬೇಕು, ತಾಯಿಯ ಮೈಕಾವು ತಪ್ಪಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಸೀರೆಯಿಂದ ಈಚೆಗೆ ಕಾಣುತ್ತಿದ್ದುದು ಉಣ್ಣೆಯ ಟೋಪಿ ಮತ್ತು ಒಂದು ಕಿವಿ. ಬಟ್ಟೆ ಬದಲಿಸುವಾಗ ಕಾಣುವ ತೊಡೆಗಳನ್ನು ಅಶ್ವತ್ಥಮ್ಮ ಇತ್ತೀಚೆಗೆ ನೋಡುವುದನ್ನೇ ಬಿಟ್ಟಿದ್ದಳು. ಅಳತೆ ತಪ್ಪಿ ಹೊಲಿದ ರವಿಕೆಯ ತೋಳಿನಂತೆ ಅಲ್ಲಿ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿತ್ತು. ಅವಳು ಚಪ್ಪಲಿ ಮೆಟ್ಟುವಾಗ ಮಗಳು ಒಳಗಿನಿಂದಲೇ ಮೆಲ್ಲಗೆ ಅಂದಳು: “ನನ್ನ ಮೈಯಲ್ಲೇ ಏನೋ ಕೊರತೆ ಇರ್ಬೇಕು ಕಣಮ್ಮ. ಇಲ್ದಿದ್ರೆ ನೀನು ಅಷ್ಟು ಚೆನ್ನಾಗಿ ನೋಡ್ಕೊಂಡೂ ಹಿಂಗ್ಯಾಕಾಗುತ್ತೆ?” ಹಂಗೆಲ್ಲ ಅನ್ಕೋಬಾರ್ದು ಕಣೇ ಎಂದು ಹೇಳಿ ಅಶ್ವತ್ಥಮ್ಮ ಬಾಗಿಲು ಎಳೆದುಕೊಂಡಳು. ಬೀದಿಗೆ ಬಂದ ಮೇಲೆ ತಾನಾಡಿದ ಆ ಮಾತೇ ಅವಳನ್ನು ಹಿಂಬಾಲಿಸಿತು. ಎಂಥ ಸಮಾಧಾನದ ಮಾತು! ಕೇಳಿದವರು ಯಾರೇ ಆದರೂ, ಪಾಪ, ಹೆತ್ತ ಕರುಳು ಅನ್ನುತ್ತಿದ್ದರು. ಮಗಳು ತಪ್ಪನ್ನು ತನ್ನ ಮೈಮೇಲೆ ಎಳೆದುಕೊಂಡಿದ್ದಳು. ಅದನ್ನು ಅಲ್ಲೇ ಬಿಟ್ಟು ತಾನು ಸೆರಗು ಸರಿಮಾಡಿಕೊಂಡು ಹೊರಟುಬಂದಿದ್ದಳು.

ರಾಧಾಮಣಿಯ ಗಂಡನ ಮನೆ ಚಿಂತಾಮಣಿಯ ಆ ಕಡೆ ಕೆಂಚಾರ್ಲಹಳ್ಳಿ. ಸೀಮಂತ ಮುಗಿಸಿ ಏಳನೇ ತಿಂಗಳಲ್ಲಿ ತವರಿಗೆ ಕಳಿಸುವಾಗ ಅವಳ ಅತ್ತೆ, ನೀವೇ ಟೀಚರು, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ, ನಮಗೆ ಯೋಚನೆಯಿಲ್ಲ ಎಂದು ಹತ್ತು ಜನರೆದುರಿಗೆ ಹೇಳಿದ್ದರು. ಹೆರಿಗೆಯಾದ ಮೇಲೆ ಅದೇ ಮಾತನ್ನು ಫೋನಿನಲ್ಲಿ ಇನ್ನೊಂದು ಸಲ ಹೇಳಿದರು. ನೀವೇ ಟೀಚರು, ನಿಮ್ಮ ಹತ್ತಿರ ಅಂತ ಕಳಿಸಿದ್ವಿ. ಬೈಯಲಿಲ್ಲ. ಬೈದಿದ್ದರೆ ಒಂದು ಮಾತು ತಿರುಗಿಸಿ ಹೇಳಬಹುದಿತ್ತು. ಆಸ್ಪತ್ರೆಯ ನರ್ಸು, ಕೊನೆಯ ಮೂರು ತಿಂಗಳು ಊಟ ಹೇಗಿತ್ತು ಎಂದು ಕೇಳಿದಾಗಲೂ ಅಷ್ಟೇ, ಇವಳು ಬಾಯಿ ತೆರೆಯುವ ಮೊದಲೇ ರಾಧಾಮಣಿ, ನಮ್ಮಮ್ಮ ಅಂಗನವಾಡಿ ಟೀಚರು, ಚೆನ್ನಾಗೇ ನೋಡ್ಕೊಂಡ್ರು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದಳು. ನರ್ಸು ಅಶ್ವತ್ಥಮ್ಮನನ್ನು ಒಂದು ಸಲ ನೋಡಿ ಅದನ್ನೇ ಬರೆದುಕೊಂಡಳು. ಡಾಕ್ಟರು ಮಾತ್ರ, ಇಂಥದ್ದೇ ಕಾರಣ ಅಂತ ಬೆರಳು ಮಾಡಿ ತೋರಿಸಕ್ಕಾಗಲ್ಲ, ರಕ್ತ ಕಡಿಮೆ ಇದ್ರೂ ಆಗುತ್ತೆ, ಬಿಪಿ ಇದ್ರೂ ಆಗುತ್ತೆ, ಊಟವೂ ಒಂದು ಎಂದಿದ್ದರು. ರಾಧಾಮಣಿಗೆ ರಕ್ತವೂ ಸರಿಯಾಗಿತ್ತು, ಬಿಪಿಯೂ ಇರಲಿಲ್ಲ. ಆದರೂ ‘ಬೆರಳು ಮಾಡಿ ತೋರಿಸಕ್ಕಾಗಲ್ಲ’ ಎಂಬಷ್ಟನ್ನೇ ಅಶ್ವತ್ಥಮ್ಮ ಇಪ್ಪತ್ತೆರಡು ದಿನದಿಂದ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಈಗ ಅದರಲ್ಲಿ ಸಿಹಿ ಉಳಿದಿರಲಿಲ್ಲ.

ಏಕೆಂದರೆ ಅವಳಿಗೆ ಗೊತ್ತಿತ್ತು. ಮೊದಮೊದಲು ಮುದ್ದೆಯ ಗಾತ್ರ ಇಳಿಯಿತು. ಕೈ ತಾನಾಗಿ ಸಣ್ಣದಾಗಿ ಕಟ್ಟುತ್ತಿತ್ತು, ಅವಳು ಅದನ್ನು ನೋಡಿಯೂ ನೋಡದವಳ ಹಾಗೆ ತಟ್ಟೆಗೆ ಇಡುತ್ತಿದ್ದಳು. ಆಮೇಲೆ ಅನ್ನವೂ ಒಂದೇ ಸೌಟಿಗೆ ಇಳಿಯಿತು. ಎರಡನೇ ಸಲ ಬಡಿಸುವ ಹೊತ್ತಿಗೆ, ಇನ್ನೊಂದು ಚೂರು ಹಾಕ್ಲಾ ಎಂದು ಕೇಳುವ ಬದಲು, ಸಾಕಲ್ವಾ ಎಂದು ಕೇಳುತ್ತಿದ್ದಳು. ಸಾಕಲ್ವಾ ಎಂದು ಹೆತ್ತ ತಾಯಿ ಸೌಟು ಹಿಡಿದು ಕೇಳಿದರೆ ಯಾವ ಮಗಳು ತಾನೆ ಸಾಲದು ಅನ್ನುತ್ತಾಳೆ? ಎದೆ ಉರಿ ಬರುತ್ತೆ, ರಾತ್ರಿ ನಿದ್ದೆ ಬರಲ್ಲ, ಹಾಲು ಜಾಸ್ತಿ ಕುಡಿದರೆ ಕಫ ಕಟ್ಟುತ್ತೆ, ಹೀಗೆ ದಿನಕ್ಕೊಂದು ನೆಪ. ಅಂಗನವಾಡಿಗೆ ಊಟಕ್ಕೆ ಬರಬೇಡ, ಮನೆಯ ಊಟವೇ ಶುಚಿ ಎಂದೂ ಅವಳೇ ಹೇಳಿದ್ದಳು. ಎಂಟನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಬಂದು ತೂಕ ನೋಡಿದ್ರಾ ಅಂದಾಗ, ಹೂಂ, ನಾನೇ ನೋಡಿದೆ, ಚೆನ್ನಾಗೇ ಏರಿದೆ ಅಂದಳು. ನೋಡಿರಲಿಲ್ಲ. ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಅವಳಿಗೆ ನೋಡದೆಯೇ ಗೊತ್ತಿತ್ತು. ದಿನಾ ಮಧ್ಯಾಹ್ನ ಅಂಗನವಾಡಿಯಲ್ಲಿ ಊರಿನ ಬಸುರಿಯರಿಗೆ, ನಾಚ್ಕೋಬೇಡಿ, ಇನ್ನೊಂದು ಸಲ ಹಾಕಿಸ್ಕೊಳ್ಳಿ, ತಿಂದ್ರೆ ತಾನೆ ಮಗು ತುಂಬ್ಕೊಳ್ಳೋದು ಎಂದು ಗಂಟಲು ಹರಿದುಕೊಳ್ಳುತ್ತಿದ್ದವಳು, ಸಂಜೆ ಮನೆಗೆ ಬಂದು ಸ್ವಂತ ಮಗಳ ಮುಂದೆ ಸೌಟನ್ನು ಪಾತ್ರೆಯೊಳಕ್ಕೆ ಇಟ್ಟುಬಿಡುತ್ತಿದ್ದಳು.

ರಾಧಾಮಣಿಗಿಂತ ಮೊದಲು ಒಂದು ಗಂಡು ಕೂಸು. ಆಗ ಅಶ್ವತ್ಥಮ್ಮನಿಗೆ ಇಪ್ಪತ್ತು. ಅಪ್ಪ ಸಂತೆಯಿಂದ ಬರುವಾಗಲೆಲ್ಲ ಮಗಳಿಗೆಂದು ದ್ರಾಕ್ಷಿ ತರುತ್ತಿದ್ದ. ಅವರೆಕಾಯಿ ಕಾಲ, ಹಿತಕವರೆ ಸಾರಿಗೆ ಅಮ್ಮ ತುಪ್ಪ ಸುರಿಯುತ್ತಿದ್ದಳು. ಅವಳೂ ಸಂಕೋಚವಿಲ್ಲದೆ ಉಣ್ಣುತ್ತಿದ್ದಳು. ಆಮೇಲೆ ಎರಡು ದಿನದ ನೋವು. ಗಾಡಿ ಸಿಗಲಿಲ್ಲ, ಸಿಕ್ಕಾಗ ಹೊತ್ತು ಮೀರಿತ್ತು, ಕೂಸು ಉಳಿಯಲಿಲ್ಲ. ಸೂಲಗಿತ್ತಿ ಹಿತ್ತಲಲ್ಲಿ ಕೈ ತೊಳೆಯುತ್ತ, ತಾಯಿ ಚೆನ್ನಾಗಿ ತಿಂದುಬಿಟ್ಟಳು, ಕೂಸು ಬೆಳೆದುಬಿಡ್ತು, ಈಚೆಗೆ ಬರಕ್ಕಾಗಲಿಲ್ಲ ಎಂದಳು. ಕೊಂಕು ಮಾತಲ್ಲ ಅದು, ಮರುಕದಿಂದಲೇ ಹೇಳಿದ್ದು. ಗೋಡೆಯ ಈ ಕಡೆ ಮಲಗಿದ್ದ ಅವಳಿಗೆ ಕೇಳಿಸಿತು. ಆಮೇಲೆ ಕೆಲಸ ಸಿಕ್ಕಿ, ಚಿಕ್ಕಬಳ್ಳಾಪುರದಲ್ಲಿ ತರಬೇತಿಯಾದಾಗ ಡಾಕ್ಟರಮ್ಮ ಒಬ್ಬರು ಬೋರ್ಡಿನ ಮೇಲೆ ಚಿತ್ರ ಬರೆದು, ತಾಯಿ ಹೊಟ್ಟೆ ತುಂಬ ಉಂಡರೆ ಹೆರಿಗೆ ಕಷ್ಟ ಆಗುತ್ತೆ ಅನ್ನೋದು ತಪ್ಪು, ಮಗು ಅಡ್ಡ ತಿರುಗಿದ್ದರೆ, ಆಸ್ಪತ್ರೆಗೆ ತಡವಾದರೆ ಹಾಗಾಗುತ್ತೆ ಎಂದು ಬಿಡಿಸಿ ಹೇಳಿದ್ದರು. ಅಶ್ವತ್ಥಮ್ಮ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಕೆಳಗೆ ಗೆರೆಯನ್ನೂ ಎಳೆದಳು. ಅದೇ ಮಾತನ್ನು ಅಷ್ಟು ವರ್ಷ ಊರಿಗೆಲ್ಲ ಹೇಳಿದಳು, ನಂಬಿಯೇ ಹೇಳಿದಳು. ಆದರೆ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಮಗಳು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ತಟ್ಟೆ ಚಾಚಿದ ದಿನ, ಎಲ್ಲಿತ್ತೋ ಏನೋ, ಹಿತ್ತಲಲ್ಲಿ ಕೈ ತೊಳೆಯುವ ಸದ್ದು ಕೇಳಿಸಿತು. ಕಲಿತದ್ದೆಲ್ಲ ನಾಲಿಗೆಯಲ್ಲೇ ಉಳಿದು, ಕೈಗೆ ಹೆದರಿಕೆಯೊಂದೇ ಗೊತ್ತಿತ್ತು.

ಅಂಗನವಾಡಿಯಲ್ಲಿ ಆವತ್ತು ಊಟಕ್ಕೆ ನಾಲ್ವರು ಬಂದಿದ್ದರು. ಸಹಾಯಕಿ ಮಂಗಮ್ಮ ಸಾಲಾಗಿ ಕೂರಿಸಿ ಅನ್ನ, ಸೊಪ್ಪಿನ ಸಾರು, ಬೇಯಿಸಿದ ಮೊಟ್ಟೆ, ಕಡಲೆಕಾಯಿ ಚಿಕ್ಕಿ ಹಾಕಿಕೊಂಡು ಹೋಗುತ್ತಿದ್ದಳು. ಕೊನೆಯಲ್ಲಿ ಗೋಡೆಗೆ ಒರಗಿ ಕೂತವಳು ಬುಷ್ರಾ. ಇಪ್ಪತ್ತೊಂದರ ಹುಡುಗಿ, ಇದು ಏಳನೇ ತಿಂಗಳು, ಮುಖ ಬಿಳಿಚಿಕೊಂಡಿತ್ತು. ಅವಳು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ ಸರಿಸಿ ಅರ್ಧ ಮಾಡಿದಳು, ಮೊಟ್ಟೆಯನ್ನು ಮುಟ್ಟಲಿಲ್ಲ. ಹೋದ ವಾರವೂ ಹೀಗೇ ಮಾಡಿದ್ದು ಅಶ್ವತ್ಥಮ್ಮನಿಗೆ ನೆನಪಾಯಿತು. ಆಗ ವಾಂತಿಯೋ ಏನೋ ಎಂದುಕೊಂಡು ಸುಮ್ಮನಿದ್ದಳು, ಸುಮ್ಮನಿರುವುದು ಇತ್ತೀಚೆಗೆ ಸುಲಭವಾಗಿತ್ತು. ಇವತ್ತು ಬುಷ್ರಾಳ ಅತ್ತೆ ಬಿಸ್ಮಿಲ್ಲಾ ಬೀಯೂ ಜೊತೆಗೆ ಬಂದು ಬಾಗಿಲ ಬಳಿ ಕೂತಿದ್ದಳು. ಮನೆಯ ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಎರಡು ಚರಕ ಇಟ್ಟುಕೊಂಡು ಮಗ ಆಸಿಮ್‌ನ ಜೊತೆ ಸಂಸಾರ ನಡೆಸುವ ಗಟ್ಟಿ ಹೆಂಗಸು, ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಸುಕ್ಕಾಗಿದ್ದವು. ಸೊಸೆ ಅತ್ತೆಯ ಕಡೆ ಒಂದು ಸಲ ನೋಡಿ ತಟ್ಟೆ ದೂರ ಸರಿಸಿದಳು. ಬಿಸ್ಮಿಲ್ಲಾ ಬೀ ಸರಿ ಎನ್ನುವ ಹಾಗೆ ತಲೆ ಆಡಿಸಿದಳು. ಆ ತಲೆ ಆಡಿಸುವಿಕೆ ಅಶ್ವತ್ಥಮ್ಮನಿಗೆ ಎಲ್ಲೋ ನೋಡಿದ್ದು ಅನ್ನಿಸಿತು.

ಯಾಕೆ ಬಿಟ್ಟೆಯಮ್ಮ ಎಂದು ಕೇಳಿದ್ದಕ್ಕೆ ಬುಷ್ರಾ ದುಪಟ್ಟಾ ಸರಿಮಾಡಿಕೊಂಡಳು. ಅಶ್ವತ್ಥಮ್ಮ ವರ್ಷಗಳಿಂದ ಹೇಳುತ್ತ ಬಂದ ಮಾತನ್ನೇ ತೆಗೆದಳು. ರೇಷ್ಮೆಹುಳ ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಕಳಚಿದ ಮೇಲೆ ಸೊಪ್ಪು ಕಡಿಮೆ ಹಾಕಿದರೆ ಗೂಡು ಏನಾಗುತ್ತೆ ಅಂತ ನಿಮ್ಮ ಅತ್ತೆಯನ್ನೇ ಕೇಳು, ಜೊಳ್ಳು ಗೂಡಿನಲ್ಲಿ ನೂಲು ಬರುತ್ತಾ? ಈ ಸೀಮೆಯಲ್ಲಿ ಈ ಮಾತಿಗೆ ತಲೆ ಆಡಿಸದವರಿಲ್ಲ. ಬಿಸ್ಮಿಲ್ಲಾ ಬೀ ನಕ್ಕಳು. ಅದು ಹುಳ ಟೀಚರಮ್ಮ, ಹುಳಕ್ಕೆ ಆಪರೇಷನ್ ಮಾಡಲ್ಲ ಎಂದಳು. ದೊಡ್ಡ ಮಗಳಿಗೆ ಮಗು ದಪ್ಪ ಇದೆ ಎಂದು ಹೊಟ್ಟೆ ಕೊಯ್ದರು, ಇವತ್ತಿಗೂ ಅವಳು ಒಂದು ಬಿಂದಿಗೆ ಎತ್ತಲಾರಳು, ಈ ಹುಡುಗಿಗೂ ಹಾಗಾಗುವುದು ಬೇಡ ಎಂದಳು. ಆಮೇಲೆ ಸ್ವಲ್ಪ ಮುಂದಕ್ಕೆ ಬಗ್ಗಿ, ಉಳಿದವರಿಗೆ ಕೇಳಿಸದ ಹಾಗೆ ಪ್ರೀತಿಯಿಂದಲೇ ಹೇಳಿದಳು:

“ನೀವು ಇಲ್ಲಿ ಹೇಳೋದು ಸರ್ಕಾರಕ್ಕೆ, ನಂಗೊತ್ತು. ಮನೇಲಿ ಮಗಳಿಗೆ ಹೆಂಗೆ ಮಾಡಿದ್ರಿ ಅಂತ ನಾನು ನೋಡ್ಲಿಲ್ವಾ? ನಿಮ್ಮನೆಗೆ ಹಾಲು ತಗೊಳ್ಳಕ್ಕೆ ಬಂದಾಗೆಲ್ಲ ನೋಡ್ತಿದ್ದೆ, ಒಂದೇ ಸೌಟು. ಸಲೀಸಾಗಿ ಹೆರಿಗೆ ಆಯ್ತು, ಎರಡೂವರೆ ಕೆಜಿ ಮಗು. ನಾನೂ ನಿಮ್ಮ ಹಂಗೇ ಮಾಡ್ತಾ ಇದ್ದೀನಿ.”

ಅಶ್ವತ್ಥಮ್ಮನ ಕೈಯಲ್ಲಿದ್ದ ಪೆನ್ನು ಕೈಯಲ್ಲೇ ಇತ್ತು. ಎಷ್ಟು ವರ್ಷ ಅರಚಿದರೂ ಒಂದು ಮನೆಯೊಳಕ್ಕೂ ಸರಿಯಾಗಿ ಹೋಗದ ತನ್ನ ಮಾತಿಗಿಂತ, ಬಾಯಿ ಬಿಡದೆ ಮಾಡಿದ ಕೆಲಸ ಇಷ್ಟು ಸಲೀಸಾಗಿ ಇನ್ನೊಂದು ಮನೆಯ ಅಡುಗೆಮನೆ ಹೊಕ್ಕಿತ್ತಲ್ಲ ಎಂದು ಸೋಜಿಗವಾಯಿತು. ಜನ ನೋಡುತ್ತಾರೆ, ಹೌದಲ್ಲ, ಟೀಚರಮ್ಮ ತನ್ನ ಮಗಳಿಗೆ ಏನು ಬಡಿಸುತ್ತಾಳೆ ಅಂತಲೇ ನೋಡುತ್ತಾರೆ. ಈಗಲೂ ಒಂದು ದಾರಿಯಿತ್ತು. ಹಾಗೆಲ್ಲ ಮಾಡಬಾರದು ಬಿಸ್ಮಿಲ್ಲಾ ಬೀ, ಹುಡುಗಿ ಚೆನ್ನಾಗಿ ತಿನ್ನಲಿ ಎಂದು ಎರಡು ಮಾತು ಗದರಿ, ಮಾತು ಹಾರಿಸಿ, ಮನೆಗೆ ಹೋಗಬಹುದಿತ್ತು. ಆದರೆ ಹಾಗೆ ಮಾಡಿದ್ದರೆ ಬಿಸ್ಮಿಲ್ಲಾ ಬೀ ಅದನ್ನೂ ಸರ್ಕಾರಕ್ಕೆ ಹೇಳಿದ ಮಾತು ಎಂದುಕೊಂಡು ನಗುತ್ತಿದ್ದಳು. ಬುಷ್ರಾ ಇನ್ನೆರಡು ತಿಂಗಳು ಅನ್ನವನ್ನು ಅಂಚಿಗೆ ಸರಿಸುತ್ತಲೇ ಇರುತ್ತಿದ್ದಳು. ಇನ್ನು ನಿಜ ಹೇಳಿದರೆ? ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು, ಮಗಳಿಗೂ ಗೊತ್ತು, ಕೆಂಚಾರ್ಲಹಳ್ಳಿಗೂ ಗೊತ್ತು. ಈ ಕುರ್ಚಿಯಲ್ಲಿ ಕೂತು ಇನ್ನು ಯಾವ ಬಾಯಲ್ಲಿ ಮಾತಾಡುವುದು? ಬುಷ್ರಾ ಚಿಕ್ಕಿಯ ಚೂರೊಂದನ್ನು ಯಾರಿಗೂ ಕಾಣದಂತೆ ದುಪಟ್ಟಾದ ಮರೆಯಲ್ಲಿ ಬಾಯಿಗೆ ಹಾಕಿಕೊಂಡಳು. ಅಗಿಯಲಿಲ್ಲ, ಸದ್ದಾಗುತ್ತದೆಂದು ಹಾಗೇ ಕರಗಿಸುತ್ತ ಕೂತಳು. ಅದನ್ನು ಅಶ್ವತ್ಥಮ್ಮ ನೋಡಿಬಿಟ್ಟಳು.

“ನನ್ನ ಮೊಮ್ಮಗಳು ಹುಟ್ಟಿದ್ದು ಎರಡೂವರೆ ಕೆಜಿ ಅಲ್ಲ ಬಿಸ್ಮಿಲ್ಲಾ ಬೀ” ಅಂದಳು. ಮೆಲ್ಲಗೆ ಹೇಳಬೇಕೆಂದಿದ್ದಳು, ಪಾಠ ಹೇಳಿ ಅಭ್ಯಾಸವಾದ ದನಿ ಜೋರಾಗಿಯೇ ಬಂತು. “ಒಂದು ಕೆಜಿ ಒಂಬೈನೂರು. ಕಾಮಾಲೆ ಅಂತ ಆರು ದಿನ ಆಸ್ಪತ್ರೇಲಿ ಇಟ್ಕೊಂಡ್ರು ಅಂದ್ನಲ್ಲ, ಅದೂ ಸುಳ್ಳು. ಹಾಲು ಚೀಪಕ್ಕೆ ತ್ರಾಣ ಇರ್ಲಿಲ್ಲ ಅದಕ್ಕೆ. ಒಳಲೆಯಲ್ಲಿ ಹನಿ ಹನಿ ಹಾಕ್ತಿದ್ರು. ನಾನೇ ಮಗಳ ಊಟ ಕಮ್ಮಿ ಮಾಡ್ದೆ. ಗೊತ್ತಿದ್ದೂ ಮಾಡ್ದೆ, ಹೆದ್ರಿಕೊಂಡು ಮಾಡ್ದೆ. ಹಂಗೆ ಮಾಡ್ಬೇಡ.”

ಮಂಗಮ್ಮ ಸಾರಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಊಟ ಮಾಡುತ್ತಿದ್ದವರು ತಟ್ಟೆಯ ಕಡೆ ನೋಡತೊಡಗಿದರು, ಅವರು ಮುಖ ನೋಡಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಬಿಸ್ಮಿಲ್ಲಾ ಬೀಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಅವಳ ಮುಖ ಕೆಂಪಾಯಿತು. ಆಪರೇಷನ್ ಬೇಕು ಅಂದ್ರೆ ಮಾಡ್ತಾರೆ, ಬೇಡ ಅಂದ್ರೆ ಇಲ್ಲ, ಅದಕ್ಕೆ ಹುಡುಗೀನ ಹಸಿವಿಗೆ ಹಾಕಬಾರದು ಎಂದು ಅಶ್ವತ್ಥಮ್ಮ ಇನ್ನೂ ಏನೇನೋ ಹೇಳುತ್ತಿದ್ದಳು. ಬಿಸ್ಮಿಲ್ಲಾ ಬೀ ಕೈ ಎತ್ತಿ ತಡೆದಳು.

“ಹಂಗಾದ್ರೆ ನನ್ ಸೊಸೆ ಇಷ್ಟು ದಿನ ಹಸ್ಕೊಂಡಿದ್ದು ನಿನ್ನ ನೋಡ್ಕೊಂಡಾ?”

ಅಷ್ಟು ವರ್ಷ ನೀವು ಅಂದವಳು ನೀನು ಅಂದದ್ದು ಅಶ್ವತ್ಥಮ್ಮನಿಗೆ ತಿಳಿಯಿತು. ಹೌದು ಅಂದಳು. ಆಮೇಲೆ ಬುಷ್ರಾ ಅತ್ತೆಯ ಮುಖವನ್ನೂ ಟೀಚರಿನ ಮುಖವನ್ನೂ ನೋಡದೆ ಮಂಗಮ್ಮನನ್ನು, ಆಂಟಿ, ಅನ್ನ ಇದ್ಯಾ ಎಂದು ಕೇಳಿದಳು. ಬಿಸ್ಮಿಲ್ಲಾ ಬೀ ಎದ್ದುಬಂದು ಸೊಸೆಯ ಪಕ್ಕದಲ್ಲಿ ಕೂತು, ತಟ್ಟೆಯನ್ನು ಅವಳ ಮುಂದಕ್ಕೆ ಎಳೆದು, ಮೊಟ್ಟೆಯನ್ನು ತಾನೇ ಎರಡಾಗಿ ಮುರಿದು ಅನ್ನದ ಮೇಲಿಟ್ಟಳು. ಹೊರಡುವಾಗ ಟೀಚರಮ್ಮನಿಗೆ ಬರ್ತೀನಿ ಎಂದು ಹೇಳಲಿಲ್ಲ.

ಮನೆ ಐದು ನಿಮಿಷದ ದಾರಿ. ಬಾಗಿಲಿಗೆ ಬೀಗ ಹಾಕುವುದನ್ನು ಮಂಗಮ್ಮನಿಗೆ ಬಿಟ್ಟು ಅಶ್ವತ್ಥಮ್ಮ ಹೊರಟಳು. ಮಾತು ತನಗಿಂತ ಮೊದಲು ಮನೆ ಸೇರಬಾರದು, ಅಷ್ಟಾದರೂ ಆಗಬೇಕು. ಹಿಪ್ಪುನೇರಳೆ ತೋಟದ ಬದಿಯಲ್ಲಿ ಯಾರೋ ಮಾತಾಡಿಸಿದರು, ಮೊಮ್ಮಗಳು ಹೇಗಿದ್ದಾಳೆ ಅಂದರು, ಇದ್ದಾಳೆ ಅಂದಳು. ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಎಲ್ಲಿ? ಅವಳಿಗೆ ಹಗುರಾಗಲಿಲ್ಲ, ಸುಸ್ತಾಯಿತು ಅಷ್ಟೇ. ಊರಿನವರ ಮುಂದೆ ಹೇಳುವುದು ಒಂದು ಮಟ್ಟಿಗೆ ಸುಲಭವೇ, ಅಲ್ಲಿ ಬೇರೆಯವರ ಹುಡುಗಿಯನ್ನು ಉಳಿಸುವ ನೆಪವಿತ್ತು. ಮಗಳ ಮುಂದೆ ಅಂಥ ನೆಪವೇನೂ ಇಲ್ಲ. ಬೇಡ, ನಾಳೆ ಹೇಳೋಣ ಎಂದು ಎರಡು ಸಲ ಅಂದುಕೊಂಡಳು. ಬೆಳಿಗ್ಗೆ ಮಗಳು ಹೇಳಿದ ಮಾತು ನೆನಪಾಗಿ ಹೆಜ್ಜೆ ಹಾಕಿದಳು. ಇನ್ನೊಂದು ದಿನ ಆ ಹುಡುಗಿ ತನ್ನ ಮೈಯನ್ನು ತಾನೇ ಬೈದುಕೊಳ್ಳುವುದು ಬೇಡ.

ಕೂಸು ತಾಯಿಯ ಎದೆಯ ಮೇಲೆ ನಿದ್ದೆಹೋಗಿತ್ತು, ಜೋರಾಗಿ ಮಾತಾಡುವ ಹಾಗಿರಲಿಲ್ಲ. ಅಶ್ವತ್ಥಮ್ಮ ಹೊಸ್ತಿಲ ಬಳಿ ಗೋಡೆ ಹಿಡಿದು ನಿಂತು ಎಲ್ಲವನ್ನೂ ಪಿಸುದನಿಯಲ್ಲೇ ಹೇಳಿದಳು. ಸಣ್ಣ ಮುದ್ದೆ, ಸಾಕಲ್ವಾ ಎಂದು ಕೇಳಿದ್ದು, ನೋಡದ ತೂಕ, ಊರಿಗೆ ಹೇಳಿದ ಸುಳ್ಳು, ಈಗ ಅಂಗನವಾಡಿಯಲ್ಲಿ ನಡೆದದ್ದು. ಮೊದಲೊಬ್ಬ ಅಣ್ಣ ಇದ್ದನೆಂದು ರಾಧಾಮಣಿಗೆ ಗೊತ್ತಿತ್ತು, ಸೂಲಗಿತ್ತಿ ಆಡಿದ ಮಾತು ಗೊತ್ತಿರಲಿಲ್ಲ, ಅದನ್ನೂ ಹೇಳಿದಳು. ಹೇಳುವಾಗ, ಇದನ್ನು ಯಾಕೆ ಸೇರಿಸುತ್ತಿದ್ದೀನಿ, ಮಾಫಿ ಕೇಳುವುದಕ್ಕೋ ಎಂದು ತನಗೇ ಅಸಹ್ಯವಾಯಿತು.

“ನಿನ್ನ ಮೈಯಲ್ಲಿ ಏನೂ ಕೊರತೆ ಇರ್ಲಿಲ್ಲ ಕಣೇ. ಕೊರತೆ ಮಾಡಿದ್ದು ನಾನು.”

ರಾಧಾಮಣಿ ಅಳಲಿಲ್ಲ. ಕೂಸಿನ ಬೆನ್ನ ಮೇಲಿದ್ದ ಅಂಗೈ ಅಲ್ಲೇ ಇತ್ತು. ಆ ಉಣ್ಣೆಯ ಟೋಪಿಯನ್ನೇ ನೋಡುತ್ತ ಹೇಳಿದಳು.

“ನಂಗೆ ಹಸಿವಾಗ್ತಿತ್ತಮ್ಮ. ದಿನಾ. ಉಂಡೆದ್ದು ಅರ್ಧ ಗಂಟೆಗೇ ಹಸಿವಾಗೋದು. ನೀನು ಟೀಚರು, ನಿಂಗೆ ಗೊತ್ತಿರುತ್ತೆ, ಇಷ್ಟೇ ತಿನ್ಬೇಕೇನೋ, ನನ್ನ ಹಸಿವೇ ಸರಿಯಿಲ್ವೇನೋ ಅಂತ ನೀರು ಕುಡ್ಕೊಂಡು ಮಲಗ್ತಿದ್ದೆ.”

ಅಶ್ವತ್ಥಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಏನು ಮಾಡುತ್ತಿದ್ದೇನೆಂದು ತಿಳಿಯದೆ ಕೂಸಿನ ತಲೆಯ ಕಡೆ ಕೈ ಚಾಚಿದಳು. ರಾಧಾಮಣಿ ಸೀರೆಯ ಅಂಚನ್ನು ಮೇಲಕ್ಕೆ ಎಳೆದು ತಲೆ ಮುಚ್ಚಿದಳು. ಸಿಟ್ಟಿನಿಂದಲ್ಲ, ಗಾಳಿ ತಾಕದಿರಲಿ ಎಂದು ಮಾಡುವ ಹಾಗೆಯೇ ಮಾಡಿದಳು. ಆಮೇಲೆ ಕೂಸಿಗೆ ಎಚ್ಚರವಾಗದಷ್ಟು ಮೆಲ್ಲಗೆ, ತಾಯಿಯ ಮುಖ ನೋಡದೆ ಹೇಳಿದಳು:

“ಇನ್ಮೇಲೆ ನಾನೇ ಬಡಿಸ್ಕೋತೀನಿ. ಪಾತ್ರೆ ತಂದು ಇಲ್ಲಿಡು.”

ಅಶ್ವತ್ಥಮ್ಮ ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆಯನ್ನೂ ಸಾರಿನ ಪಾತ್ರೆಯನ್ನೂ ತಟ್ಟೆಯನ್ನೂ ತಂದು, ಮಂಚದ ಪಕ್ಕ ಸ್ಟೂಲು ಎಳೆದು, ಮಗಳ ಕೈಗೆ ಎಟಕುವ ಹಾಗೆ ಇಟ್ಟಳು. ರಾಧಾಮಣಿ ಒಂದು ಕೈಯಲ್ಲಿ ಕೂಸನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬಡಿಸಿಕೊಳ್ಳತೊಡಗಿದಳು. ಒಂದು ಸೌಟು ಹಾಕಿಕೊಂಡಳು, ಇನ್ನೊಂದು ಹಾಕಿಕೊಂಡಳು, ಯಾರನ್ನೂ ಕೇಳಲಿಲ್ಲ. ಅಶ್ವತ್ಥಮ್ಮನಿಗೆ ಅಲ್ಲಿ ನಿಂತು ಮಾಡುವ ಕೆಲಸವೇನೂ ಉಳಿದಿರಲಿಲ್ಲ.